ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತದ್ದು ನನ್ನ ಸಲುವಾಗಿ

ಸಾರಿಗೆ ವಿಭಾಗದ ಮಾನ್ಯ ನಿಯಂತ್ರಣಾಧಿಕಾರಿಗಳೇ,

ಕಲಬುರಗಿಯಿಂದ ಕಮಲಾಪುರಕ್ಕೆ ಮುಂಜಾನೆ ಹೋಗುವ ಬಸ್ಸನ್ನು ಮಹಾಗಾಂವ ಕ್ರಾಸಿನಲ್ಲಿ "ಸಕಾರಣವಿಲ್ಲದೆ" ನಿಲ್ಲಿಸಿ, ಪ್ರಯಾಣಿಕರನ್ನೆಲ್ಲ ಕೆಳಗಿಳಿಸಿ, ಇಂಜಿನ್ ಬಂದ್ ಮಾಡಿ, ಆಮೇಲೆ ಸದರಿ ಪ್ರಯಾಣಿಕರಿಂದಲೇ ಬಸ್ಸನ್ನು ನೂಕಿಸಿದ ಆರೋಪದ ಮೇಲೆ ಚಾಲಕ ದೌಲಪ್ಪ ಮತ್ತು ನಿರ್ವಾಹಕ ಖಮರುದ್ದೀನ್ ಅವರಿಗೆ ತಮ್ಮ ಕಚೇರಿಯಿಂದ ಮೆಮೊ ಹೋಗಿದೆ. ಕಾರಣ ತಿಳಿಸದಿದ್ದರೆ ಇಬ್ಬರ ಇನ್‌ಕ್ರಿಮೆಂಟ್ ನಿಲ್ಲಿಸುವುದಾಗಿ ತಾವು ಎಚ್ಚರಿಸಿದ್ದೀರಿ. ಇಬ್ಬರೂ ಇದುವರೆಗೆ ಉತ್ತರ ಕೊಟ್ಟಿಲ್ಲ. ಕೊಡುವುದೂ ಇಲ್ಲವಂತೆ. ಆದ್ದರಿಂದ ಉತ್ತರವನ್ನು ನಾನು ಕೊಡುತ್ತಿದ್ದೇನೆ, ಅದೂ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ. ಕಾರಣವಿತ್ತು, ಮಾನ್ಯರೇ. ಕಾರಣ ನಾನು.

ನನ್ನ ಹೆಸರು ಸೂಗಮ್ಮ. ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಟೀಚರ್. ತವರು ಮಹಾಗಾಂವ, ಗಂಡನ ಮನೆ ಕಲಬುರಗಿಯ ಗಾಜಿಪುರ. ನಮ್ಮವರು ಕಮಲಾಪುರದ ನಾಡಕಚೇರಿಯಲ್ಲಿ ಗುಮಾಸ್ತರು. ಹೆಸರು ನಾಗಣ್ಣ. ಬರೆದರೆ ನಡೆಯುತ್ತದೆ, ಬಾಯಿಂದ ಅನ್ನಬಾರದು ಎಂಬುದು ನಮ್ಮ ಅತ್ತೆ ಅನ್ನಮ್ಮನವರ ತೀರ್ಪು. ಮದುವೆಯಾಗಿ ಒಂದೂವರೆ ವರ್ಷ. ಮನೆಯಲ್ಲಿ ಎರಡು ಕೋಣೆ, ಒಂದು ಪಡಸಾಲೆ, ಹನ್ನೊಂದು ಜನ, ಒಂದು ಟಿವಿ. ಮದುವೆಯಾದಾಗ ನಮಗೆಂದು ಬಿಟ್ಟುಕೊಟ್ಟ ಕೋಣೆಯಲ್ಲೇ ಆ ಟಿವಿ ಇದೆ, ಯಾಕೆಂದರೆ ಕೇಬಲ್ ತಂತಿ ಅಲ್ಲಿಯ ತನಕ ಮಾತ್ರ ಬರುತ್ತದಂತೆ. ಹೀಗಾಗಿ ದಿನಾ ಸಂಜೆ ನಮ್ಮ ಮಂಚದ ಮೇಲೆ ಅತ್ತೆ, ಮಾವ, ಭಾವ, ನೆಗೆಣ್ಣಿ, ಅವರ ಮಕ್ಕಳು, ಒಮ್ಮೊಮ್ಮೆ ಬಾಜೂ ಮನೆಯವರು ಸಾಲಾಗಿ ಕೂತು ಧಾರಾವಾಹಿ ನೋಡುತ್ತಾರೆ. ಅದರಲ್ಲಿಯ ಸೊಸೆಯ ಕಷ್ಟ ಕಂಡು ನಮ್ಮ ಅತ್ತೆಗೆ ಕಣ್ಣೀರು. "ಪಾಪ, ಆ ಹುಡುಗಿಗಿ ಗಂಡನ ಕೂಡ ಒಂದು ಮಾತಾಡ್ಲಾಕ ಬಿಡವಲ್ರು ನೋಡು!" ಎನ್ನುತ್ತಾರೆ. ಮಂಚದ ಮೇಲೆ ಜಾಗ ಸಿಗದೆ ನೆಲಕ್ಕೆ ಕೂತ ನಾನು "ಹೌದ್ರೀ ಅತ್ತಿ" ಎನ್ನುತ್ತೇನೆ. ಹೊರಗಡೆ ಪಡಸಾಲೆಯಲ್ಲಿ ಕೂತ ನಮ್ಮವರು ಕೆಮ್ಮುತ್ತಾರೆ. ಅದೇ ನಮ್ಮ ಸಂಭಾಷಣೆ.

ಹಾಗಾದರೆ ನೀವಿಬ್ಬರೂ ಗಂಡ ಹೆಂಡತಿ ಆದದ್ದಾದರೂ ಯಾವಾಗ ಎಂದು ಕೇಳುತ್ತೀರಾ? ತಮ್ಮ ಕೃಪೆಯಿಂದ. ಅಕ್ಷತೆ ಬಿದ್ದದ್ದು ಬೇರೆ ಕಡೆ ಇರಬಹುದು, ಪರಿಚಯ ಆದದ್ದು ತಮ್ಮ ಬಸ್ಸಿನ ಎಡಬದಿಯ ಎರಡು ಜನರ ಸೀಟಿನಲ್ಲಿ. ಮೊದಲ ದಿನ ಇಬ್ಬರೂ ಹೊಸ ಬಟ್ಟೆ ತೊಟ್ಟು, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಫೋಟೊ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತಿದ್ದೆವು. ಊರು ದಾಟಿತು. ತೊಗರಿ ಹೊಲಗಳು ಶುರುವಾದವು. ನಮ್ಮವರು ಬಹಳ ಹೊತ್ತು ಗಂಟಲು ಸರಿ ಮಾಡಿಕೊಂಡು ಕಡೆಗೂ ಕೇಳಿದರು:

"ನಿಮಗ ಕಿಡಕಿ ಬಾಜು ಬೇಕೇನ್ರಿ?"

"ನಾ ಕಿಡಕಿ ಬಾಜೂನೇ ಕೂತೀನಲ್ರೀ," ಎಂದೆ.

"ಹೌದಲ್ರೀ," ಎಂದರು. ಆಮೇಲೆ ಕಮಲಾಪುರ ಬರುವ ತನಕ ಮಾತಿಲ್ಲ. ನನಗೆ ನಗು ತಡೆಯಲಾಗದೆ ಕಿಟಕಿಯ ಹೊರಗೆ ಮುಖ ಹಾಕಿ ನಕ್ಕೆ. ಅವರು ಈ ಕಡೆ ಮುಖ ಮಾಡಿ ನಕ್ಕರು. ಮರುದಿನ ಇಬ್ಬರೂ ಒಂದೇ ಕಡೆ ನೋಡಿಕೊಂಡು ನಕ್ಕೆವು. ಹಾಗೆ ಶುರುವಾಯಿತು.

ನಮ್ಮವರ ದನಿ ಬಹಳ ಸಣ್ಣದು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ನಾಡಕಚೇರಿಯಲ್ಲಿ ಅವರು ಅರ್ಜಿದಾರರ ಹೆಸರು ಕರೆದರೆ ಎದುರಿಗೆ ನಿಂತವನೇ "ಯಾರ್ರೀ?" ಅನ್ನುತ್ತಾನಂತೆ. ಆದರೆ ಆ ಸಣ್ಣ ದನಿಯಲ್ಲಿ ಎಂಥೆಂಥ ಮಾತು! ಸಣ್ಣವರಿದ್ದಾಗ ಪೈಲ್ವಾನರಾಗಬೇಕೆಂದು ದಿನಾ ತಾಲೀಮಿಗೆ ಹೋಗಿ, ಹಲ್ಲಿ ಕಂಡು ಓಡಿ ಬಂದದ್ದು. ಮೇಲಧಿಕಾರಿ ಬೈದರೆ ಮನಸ್ಸಿನಲ್ಲೇ ಅವರಿಗೆ ಮೀಸೆ ಬೋಳಿಸಿ ನೋಡುವುದು. ನನ್ನನ್ನು ನೋಡಲು ಬಂದ ದಿನ ಅವಲಕ್ಕಿಯಲ್ಲಿ ಕಲ್ಲು ಸಿಕ್ಕಿದ್ದನ್ನು ಮರ್ಯಾದೆಗೆ ನುಂಗಿದ್ದು. ದಿನಾ ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು. "ನೀವು" ಎನ್ನುವುದು "ನೀ" ಆಯಿತು. ಬಸ್ಸು ಹದಗೆಟ್ಟು ತಡವಾದ ದಿನ ಎಲ್ಲರೂ ತಮ್ಮ ಇಲಾಖೆಯನ್ನು ಬೈಯುತ್ತಿದ್ದರು, ನಾವಿಬ್ಬರು ಮಾತ್ರ ಹರಸುತ್ತಿದ್ದೆವು. ತಮ್ಮ ಇಲಾಖೆಯ ಇತಿಹಾಸದಲ್ಲಿ ಬಸ್ಸು ಹದಗೆಡಲಿ ಎಂದು ದೇವರಿಗೆ ಕಾಯಿ ಹರಕೆ ಹೊತ್ತ ಪ್ರಯಾಣಿಕರು ಬಹುಶಃ ನಾವಿಬ್ಬರೇ.

ಹೀಗಿರುವಾಗ ಈ ವರ್ಷದ ಯುಗಾದಿ ಮುಗಿದ ಮೇಲೆ ತಾವು ಬಂದಿರಿ. ಬಸ್ ಸ್ಟ್ಯಾಂಡಿನಲ್ಲಿ ಪೆಂಡಾಲು ಹಾಕಿಸಿ, ಕಾಯಿ ಒಡೆದು, ನಮ್ಮ ಬಸ್ಸಿನೊಳಗೆ ಡ್ರೈವರನ ಹಿಂದೆ ಕಬ್ಬಿಣದ ಜಾಲರಿಯ ಪೆಟ್ಟಿಗೆಯಲ್ಲಿ ಕೂಡಿಸಿದ ಟಿವಿಗೆ ಹೂವಿನ ಹಾರ ಹಾಕಿದಿರಿ. "ಎರಡು ಸಾವಿರದ ಮೂರನೇ ಇಸವಿಯಲ್ಲಿ ನಮ್ಮ ಗ್ರಾಮೀಣ ಪ್ರಯಾಣಿಕರು ಮನರಂಜನೆಯಿಂದ ವಂಚಿತರಾಗಬಾರದು," ಎಂದು ಭಾಷಣ ಮಾಡಿದಿರಿ. ನಾವೆಲ್ಲ ಚಪ್ಪಾಳೆ ಹೊಡೆದೆವು. ಸುಳ್ಳು ಯಾಕೆ ಹೇಳಲಿ, ನಾನೂ ಹೊಡೆದೆ.

ಮನರಂಜನೆಯ ವಿವರ ತಮಗೆ ಗೊತ್ತಿರಲಿಕ್ಕಿಲ್ಲ, ತಾವು ಜೀಪಿನಲ್ಲಿ ತಿರುಗಾಡುವವರು. ತಾವು ಕೊಟ್ಟದ್ದು ಒಂದೇ ಸಿನಿಮಾದ ಸಿಡಿ. ಇಂಜಿನ್ ಚಾಲೂ ಆದರೆ ಅದೂ ಚಾಲೂ, ಇಂಜಿನ್ ಬಂದ್ ಆದರೆ ಅದೂ ಬಂದ್. ನಡುವೆ ಯಾವ ಗುಂಡಿಯೂ ಇಲ್ಲ. ಪೆಟ್ಟಿಗೆಗೆ ಬೀಗ, ಬೀಗದ ಚಾವಿ ಡಿಪೋದಲ್ಲಿ. ಕಟ್ಟಕಡೆಯ ಸೀಟಿನವನಿಗೂ ಕೇಳಿಸಲೆಂದು ಸದ್ದು ತುದಿಗೆ ಏರಿಸಿಟ್ಟದ್ದನ್ನು ಇಳಿಸಲು ಯಾರಿಗೂ ಅಧಿಕಾರವಿಲ್ಲ. ಬಸ್ಸಿನ ಹಾರನ್ ಆಡುವುದಿಲ್ಲ, ಬಲಗಡೆಯ ಕಿಟಕಿಗಳು ಮುಚ್ಚುವುದಿಲ್ಲ, ಸೆಲ್ಫ್ ಕೆಟ್ಟು ಇಂಜಿನ್ ಒಮ್ಮೆ ಬಂದ್ ಮಾಡಿದರೆ ನೂಕದೆ ಚಾಲೂ ಆಗುವುದಿಲ್ಲ. ಆದರೆ ಟಿವಿ ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ. ಇಡೀ ಬಸ್ಸಿನಲ್ಲಿ ಇಲಾಖೆಯ ಗಮನ ಬಿದ್ದದ್ದು ಅದೊಂದರ ಮೇಲೆ ಎಂದು ನೋಡಿದರೇ ತಿಳಿಯುತ್ತದೆ.

ಇನ್ನು ಆ ಸಿನಿಮಾ. ದಾರಿ ಒಂದು ತಾಸಿನದು, ಸಿನಿಮಾ ಎರಡೂವರೆ ತಾಸಿನದು. ನಾಯಕಿಯನ್ನು ಖಳನಾಯಕ ಹಗ್ಗದಿಂದ ಕಟ್ಟಿ ಮೊಸಳೆ ಹೊಂಡದ ಮೇಲೆ ತೂಗುಬಿಡುವ ಹೊತ್ತಿಗೆ ಸರಿಯಾಗಿ ಕಮಲಾಪುರ ಬರುತ್ತದೆ. ಆಕೆಯನ್ನು ಅಲ್ಲೇ ಬಿಟ್ಟು ನಾವೆಲ್ಲ ಇಳಿದು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಸಂಜೆ ಹತ್ತಿದರೆ ಆಕೆ ಮತ್ತೆ ಮೊದಲಿನಿಂದ ಹಾಡುತ್ತಾ ಬರುತ್ತಾಳೆ. ಇಷ್ಟು ತಿಂಗಳಾದರೂ ಆಕೆ ಬದುಕಿದಳೋ ಇಲ್ಲವೋ ನಮ್ಮ ದಾರಿಯಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ಕೇಳುವುದು ಇಷ್ಟೇ: ನಾವು ಮನರಂಜನೆಯಿಂದ ವಂಚಿತರಾಗಿದ್ದೇವೆಂದು ತಮಗೆ ಹೇಳಿದವರು ಯಾರು? ಆ ಪೆಟ್ಟಿಗೆ ಬರುವ ಮೊದಲು ಬಸ್ಸಿನಲ್ಲಿ ಏನು ಕಡಿಮೆಯಿತ್ತು? ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಕಲಬುರಗಿಯ ಬಜಾರಿನಲ್ಲಿ ಮಾರುವ ಮಸ್ತಾನಬಿ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ತನ್ನ ಮೂವರು ಸೊಸೆಯಂದಿರ ಕಥೆ ಹೇಳಿದರೆ ಹಿಂದಿನ ಸೀಟಿನವರು ಎದ್ದು ಮುಂದೆ ಬರುತ್ತಿದ್ದರು. ಅಡತಿ ಅಂಗಡಿಯ ಮಾಣಿಕಪ್ಪನವರು ತೊಗರಿ ಧಾರಣೆ ಹೇಳಿದರೆ ಅರ್ಧ ಬಸ್ಸು ಜಗಳಕ್ಕೆ ನಿಲ್ಲುತ್ತಿತ್ತು. ಅದೇ ಸೀಟುಗಳಲ್ಲಿ ಎರಡು ಮದುವೆ ಮಾತುಕತೆ ಕುದುರಿವೆ, ಒಂದು ಹೊಲದ ಬದುವಿನ ವ್ಯಾಜ್ಯ ಬಗೆಹರಿದಿದೆ. ಟಿವಿ ಬಂದ ಮೇಲೆ ಎಲ್ಲರ ಮುಖ ಒಂದೇ ದಿಕ್ಕಿಗೆ. ಅಪ್ಪನ ಬಾಜು ಕೂತ ಮಗಳು, ಗೆಳತಿಯ ಬಾಜು ಕೂತ ಗೆಳತಿ, ಎಲ್ಲರೂ ಕತ್ತು ಮೇಲೆತ್ತಿ ಮೊಸಳೆ ಹೊಂಡಕ್ಕೆ ಕಾಯುವವರೇ. ಮನೆಯಲ್ಲಿ ಟಿವಿ, ಹೋಟೆಲಿನಲ್ಲಿ ಟಿವಿ, ಕ್ಷೌರದ ಅಂಗಡಿಯಲ್ಲಿ ಟಿವಿ. ಮನುಷ್ಯ ಮನುಷ್ಯನ ಮುಖ ನೋಡಲು ಉಳಿದಿದ್ದ ಒಂದು ತಾಸನ್ನೂ ತಾವು ಹಾರ ಹಾಕಿ ಉದ್ಘಾಟಿಸಿಬಿಟ್ಟಿರಿ.

ಸ್ಪೀಕರು ಇರುವುದು ನಮ್ಮ ಸೀಟಿನ ನೆತ್ತಿಯ ಮೇಲೆ. ನಮ್ಮವರ ದನಿಯ ಬಗ್ಗೆ ಹೇಳಿದ್ದೇನೆ. ಮೊದಮೊದಲು ಅವರು ಬಾಯಿ ಆಡಿಸುವುದು, ನಾನು ತುಟಿ ನೋಡಿ ಅಂದಾಜು ಮಾಡುವುದು ನಡೆಯಿತು. ಆಮೇಲೆ ಅವರು ಬಾಯಿ ಆಡಿಸುವುದನ್ನೂ ಬಿಟ್ಟರು. ಹಿಂದೊಮ್ಮೆ ಒಂದೇ ಕಡೆ ನೋಡಿ ನಗುತ್ತಿದ್ದವರು ಈಗ ಒಂದೇ ಕಡೆ ನೋಡುತ್ತಿದ್ದೆವು, ನಗು ಇರಲಿಲ್ಲ ಅಷ್ಟೆ.

ಅಂಥದರಲ್ಲಿ ಶ್ರಾವಣದ ಒಂದು ಸೋಮವಾರ, ಊಟದ ಬಿಡುವಿನಲ್ಲಿ ಕಮಲಾಪುರದ ನರ್ಸಮ್ಮನ ಹತ್ತಿರ ಹೋಗಿ ಬಂದೆ. ಆಕೆ ಪರೀಕ್ಷೆ ಮಾಡಿ ನನ್ನ ಕೆನ್ನೆ ಹಿಂಡಿ ಕಳಿಸಿದಳು. ಶಾಲೆಗೆ ಮರಳಿ ಬಂದು ಮಕ್ಕಳಿಗೆ ಒಂದೇ ಪದ್ಯವನ್ನು ಎರಡು ಸಲ ಪಾಠ ಮಾಡಿದೆನಂತೆ. ನನಗೆ ನೆನಪಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ಮಾತು ಮೊದಲು ನಮ್ಮವರ ಕಿವಿಗೆ ಬೀಳಬೇಕು. ಇದೇನು ದೊಡ್ಡ ಆಸೆಯೇ ಎನ್ನಬೇಡಿ. ನಮ್ಮ ಮನೆಯಲ್ಲಿ ಸುದ್ದಿ ಮೊದಲು ಅತ್ತೆಗೆ, ಅತ್ತೆಯಿಂದ ನೆಗೆಣ್ಣಿಗೆ, ನೆಗೆಣ್ಣಿಯಿಂದ ಓಣಿಗೆ, ಓಣಿಯಿಂದ ಕಟ್ಟಕಡೆಗೆ ಸಂಬಂಧಪಟ್ಟ ಗಂಡಸಿಗೆ ಹೋಗುತ್ತದೆ. ನಮ್ಮ ಭಾವನವರಿಗೆ ಎರಡನೇ ಸಲ ತಂದೆಯಾಗುವ ವಿಷಯ ತಿಳಿದದ್ದು ಕ್ಷೌರದ ಅಂಗಡಿಯಲ್ಲಿ, ಅರ್ಧ ಗಡ್ಡ ಆದ ಮೇಲೆ.

ಮನೆಯಲ್ಲಿ ರಾತ್ರಿ ಪಿಸುಗುಟ್ಟಿದರೂ ಬಾಗಿಲಾಚೆ ಪಡಸಾಲೆಯಲ್ಲಿ ಮಲಗಿದವರಿಗೆಲ್ಲ ಕೇಳಿಸುತ್ತದೆ. ದಾರಿಯಲ್ಲಿ ನಡೆಯುತ್ತಾ ಹೇಳಬಹುದಿತ್ತಲ್ಲ ಎನ್ನುತ್ತೀರೇನೋ. ಗಾಜಿಪುರದಿಂದ ಬಸ್ ಸ್ಟ್ಯಾಂಡಿನ ತನಕ ನೆಗೆಣ್ಣಿಯ ಮಕ್ಕಳಿಬ್ಬರು ನಮ್ಮ ಕೈ ಹಿಡಿದು ಶಾಲೆಗೆ ಬರುತ್ತಾರೆ. ಅವರ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಮಲಾಪುರದಲ್ಲಿ ಇಳಿದರೆ ನನ್ನ ಶಾಲೆಯ ಮಕ್ಕಳು "ನಮಸ್ತೆ ಟೀಚರ್" ಎಂದು ಮುತ್ತಿಕೊಳ್ಳುತ್ತಾರೆ. ಉಳಿದದ್ದು ತಮ್ಮ ಬಸ್ಸು. ಮಂಗಳವಾರ ಮುಂಜಾನೆ ಧೈರ್ಯ ಮಾಡಿದೆ. ಪರದೆಯ ಮೇಲೆ ಹೊಡೆದಾಟ ನಡೆದಿತ್ತು. ನಮ್ಮವರ ಕಿವಿಗೆ ಬಾಯಿ ಹಚ್ಚಿ ಹೇಳಿದೆ:

"ರೀ, ನಾ ಬಸರಾಗೀನಿ."

"ಏನು?"

"ಬಸರ್ರೀ! ಬಸರು!"

ಅವರು ಕತ್ತೆತ್ತಿ ಮುಂದೆ ನೋಡಿದರು, ಹಿಂದೆ ನೋಡಿದರು. ನಿಂತ ಜನರನ್ನೆಲ್ಲ ಕಣ್ಣಲ್ಲೇ ಎಣಿಸಿದರು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ, "ಹೌದು, ಬಸ್ ಇವತ್ತ ಭಾಳ ರಶ್ ಆಗ್ಯಾದ," ಎಂದರು.

ಮಾನ್ಯರೇ, ಒಬ್ಬ ಹೆಣ್ಣುಮಗಳು ಜೀವನದಲ್ಲಿ ಮೊದಲ ಸಲ ಈ ಮಾತು ಹೇಳಿದಾಗ ಅವಳಿಗೆ ಸಿಗಬೇಕಾದ ಉತ್ತರ ಇದೇ ಏನು?

ಅಂದು ಸಂಜೆ ಶಾಲೆಯ ಕೆಲಸ ಇದೆ ಎಂದು ಸುಳ್ಳು ಹೇಳಿ ಒಬ್ಬಳೇ ಡಿಪೋಕ್ಕೆ ಹೋದೆ. ಟಿವಿಯ ಚಾವಿ ಒಂದು ದಿನದ ಮಟ್ಟಿಗೆ ಕಂಡಕ್ಟರಿಗೆ ಕೊಡಿರಿ ಎಂದು ಕೇಳಿದೆ. ಅಲ್ಲಿಯ ಸಾಹೇಬರು ಬಹಳ ಸಭ್ಯರು, ಕುರ್ಚಿ ಕೊಟ್ಟರು.

"ಅರ್ಜಿ ಬರದು ಕೊಡ್ರಿ ಅಕ್ಕೋರ. ಮ್ಯಾಲ ಕಳಸ್ತೀವಿ. ಕಾರಣ ಮಾತ್ರ ಸ್ಪಷ್ಟ ಬರೀರಿ."

ಪೆನ್ನು ಹಿಡಿದು ಕೂತೆ. ವಿಷಯ: ದೂರದರ್ಶನ ಯಂತ್ರವನ್ನು ಒಂದು ತಾಸು ಬಂದ್ ಮಾಡುವ ಕುರಿತು. ಕಾರಣ: ಗಂಡನಿಗೆ ಒಂದು ಮಾತು ಹೇಳುವುದಿದೆ. ಹೀಗೆ ಬರೆಯಲೇ? ಆ ಅರ್ಜಿಗೆ ನಂಬರು ಬಿದ್ದು, ತಮ್ಮ ಮೇಜಿಗೆ ಬಂದು, "ಯಾವ ಮಾತು? ವಿವರಣೆ ಕೋರಿದೆ" ಎಂದು ಮರಳುವಷ್ಟರಲ್ಲಿ ನನ್ನ ಕೂಸು ಒಂದನೇ ಇಯತ್ತೆಗೆ ಬಂದಿರುತ್ತಿತ್ತು. ನಗು ಬಂದುಬಿಟ್ಟಿತು. ಕಾಗದ ಅಲ್ಲೇ ಬಿಟ್ಟು, ಸಾಹೇಬರಿಗೆ ನಮಸ್ಕಾರ ಹೇಳಿ, ನಗುತ್ತಲೇ ಹೊರಗೆ ಬಂದೆ. ಮನೆ ಮುಟ್ಟುವಷ್ಟರಲ್ಲಿ ಅದೇ ನಗು ಅಳುವಾಗಿತ್ತು. ಅದು ಬೇರೆ ಮಾತು.

ಬುಧವಾರ ಮಸ್ತಾನಬಿ ತನ್ನ ಬುಟ್ಟಿ ತಂದು ನಮ್ಮ ಸೀಟಿನ ಬಾಜೂಕೇ ಇಟ್ಟು ಕೂತಳು. ಹಿಂದಿನ ದಿನ ಉಳಿದ ಎರಡು ಕೆಂಪು ಬಾಳೆಹಣ್ಣು ನನಗೆ ಚಾಚಿದಳು. ದಿನಾ ಕೇಳಿ ತಿನ್ನುವವಳು ನಾನು, ಅಂದು ವಾಸನೆಗೇ ಸೆರಗು ಮೂಗಿಗೆ ಹಿಡಿದೆ. ಆಕೆ ನನ್ನ ಮುಖ ನೋಡಿದಳು, ಹಣ್ಣು ನೋಡಿದಳು, ಮೇಲೆ ಮೊಸಳೆ ಸಿನಿಮಾ ನೋಡುತ್ತಿದ್ದ ನಮ್ಮವರನ್ನು ನೋಡಿದಳು. ನನ್ನ ಕಿವಿಗೆ ಬಾಗಿದಳು.

"ಗಂಡಗ ಹೇಳಿದೇನ ಬೇಟಿ?"

"ಮೂರು ದಿನ ಆತು ಖಾಲಾ. ಹೇಳಿದ್ರೂ ಕೇಳಸವಲ್ದು."

ಮಸ್ತಾನಬಿಗೆ ಸಿಟ್ಟು ಬಂದರೆ ಬಜಾರಿನ ಹೋರಿಗಳೂ ದಾರಿ ಬಿಡುತ್ತವೆ. ಎದ್ದು ನಿಂತು ಸೀದಾ ಮುಂದೆ ಹೋದಳು.

"ಏ ಖಮರುದ್ದೀನ್! ಈ ಡಬ್ಬಿ ಬಂದ್ ಮಾಡು!"

"ಚಾವಿ ಡಿಪೋದಾಗ ಅದ ಖಾಲಾ. ನನ್ನ ಕೈಯಾಗ ಏನದ?"

"ಟೀಚರಮ್ಮಗ ಗಂಡನ ಕೂಡ ಒಂದು ಮಾತ ಆಡೂದದ. ಮೂರು ದಿನ ಆತು, ಆ ಹುಡುಗಿ ಬಾಯಾಗೇ ಇಟ್ಕೊಂಡು ತಿರಗಾಕತ್ತಾಳ!"

ಅಷ್ಟು ಹೇಳಿದಳೇ ಹೊರತು ಏನು ಮಾತು ಎಂದು ಬಾಯಿ ಬಿಡಲಿಲ್ಲ. ಖಮರುದ್ದೀನ್ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಆತ ಐದು ಹೆಣ್ಣುಮಕ್ಕಳ ತಂದೆ. ಆತನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಹೋಗಿ ದೌಲಪ್ಪನ ಹೆಗಲು ಮುಟ್ಟಿ ಏನೋ ಹೇಳಿದ. ದೌಲಪ್ಪ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮಹಾಗಾಂವ ಕ್ರಾಸಿನಲ್ಲಿ ಚಹಾ ಅಂಗಡಿಯ ಎದುರು ಬಸ್ಸನ್ನು ರಸ್ತೆಯ ಬದಿಗೆ ಇಳಿಸಿದ. ಹಿಂದಕ್ಕೆ ತಿರುಗಿ ಕೂಗಿದ:

"ಇಂಜಿನ್ ಬಂದ್ ಮಾಡಿದ್ರ ಟಿವಿ ಬಂದ್ ಆಗ್ತದ. ಆದ್ರ ಮತ್ತ ಚಾಲೂ ಮಾಡಬೇಕಂದ್ರ ನೀವೇ ನೂಕಬೇಕಾಗ್ತದ. ನೂಕ್ತೀರೇನ್ರಪ್ಪ?"

"ನನ್ನ ಅಂಗಡಿ ಯಾರ ತೆಗೀತಾರ? ಇದೇನ್ ಹುಡುಗಾಟಿಕಿ?" ಎಂದರು ಮಾಣಿಕಪ್ಪ.

ಉಳಿದವರು, "ನೂಕ್ತೀವಿ, ನೂಕ್ತೀವಿ!" ಎಂದು ಒಂದೇ ಗದ್ದಲ.

ದೌಲಪ್ಪ ಚಾವಿ ತಿರುಗಿಸಿದ. ನಾಯಕಿಯ ಹಾಡು ಅರ್ಧಕ್ಕೇ ನಿಂತಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಬಸ್ಸಿನಲ್ಲಿ ಒಂದು ಗುಬ್ಬಿಯ ದನಿ ಕೇಳಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಐವತ್ತು ಜನ ಕಿವಿ ನಿಮಿರಿಸಿ ಕೂತರೆ ಯಾವ ಹೆಂಗಸು ಬಾಯಿ ತೆರೆದಾಳು? ಖಮರುದ್ದೀನನಿಗೆ ಅದು ಗೊತ್ತಾಯಿತು. ಸೀಟಿ ಊದಿದ.

"ಎಲ್ಲಾರೂ ಇಳೀರಿ! ಚಹಾ ಕುಡೀರಿ! ಒಬ್ಬರೂ ಒಳಗ ಇರಬ್ಯಾಡ್ರಿ!"

ಬುಟ್ಟಿ, ಚೀಲ, ಕೈಗೂಸು ಸಮೇತ ಬಸ್ಸು ಖಾಲಿಯಾಗತೊಡಗಿತು. ಎಲ್ಲರ ಜೊತೆಗೆ ನಮ್ಮವರೂ ಊಟದ ಡಬ್ಬಿ ಹಿಡಿದು ಇಳಿಯಲು ಎದ್ದರು. ಯಾರೋ ಟೀಚರಮ್ಮ ಯಾರಿಗೋ ಏನೋ ಹೇಳುವುದಿದೆ ಎಂದೇ ಅವರು ತಿಳಿದಿದ್ದರಂತೆ.

"ನೀವೆಲ್ಲಿ ಹೊಂಟ್ರಿ ಸಾಹೇಬ್ರ?" ಎಂದ ಖಮರುದ್ದೀನ್. "ನೀವ ಕೂಡ್ರಿ. ನಿಮ್ಮ ಸಲುವಾಗೇ ಇಷ್ಟೆಲ್ಲಾ."

ಬಸ್ಸಿನಲ್ಲಿ ನಾವಿಬ್ಬರೇ ಉಳಿದೆವು. ಹೊರಗೆ ಚಹಾ ಅಂಗಡಿಯ ಕಾಶಿರಾಯ ಕಾಕಾ, ನಮ್ಮೂರವನೇ, ಲೋಟ ತೊಳೆಯುವುದು ಬಿಟ್ಟು ನಿಂತಿದ್ದ. ಎಲ್ಲರೂ ಮರ್ಯಾದೆಯಿಂದ ಬಸ್ಸಿಗೆ ಬೆನ್ನು ಮಾಡಿ ನಿಂತಿದ್ದರು. ಐವತ್ತು ಬೆನ್ನುಗಳು, ಒಂದೂ ಅಲುಗಾಡುತ್ತಿಲ್ಲ. ನಮ್ಮವರ ಮುಖ ಬಿಳಿಚಿತ್ತು.

"ಸೂಗಾ, ನೀ ತವರಿಗಿ ಹೋಗಾಕತ್ತೀಯೇನು?" ಎಂದರು.

ನನಗೆ ಅರ್ಥವಾಗಲಿಲ್ಲ.

"ನಾಕು ತಿಂಗಳಾತು, ನನ್ನ ಕೂಡ ಒಂದು ಮಾತಾಡಿಲ್ಲ ನೀನು. ಮೊದಲ ನಾ ಅಂದೆ, ಗದ್ದಲಕ್ಕ ಸುಮ್ಮನದಾಳ ಅಂತ. ಆಮ್ಯಾಲ ಅನಸ್ತು, ನನ್ನ ಮ್ಯಾಲೇ ಬ್ಯಾಸರಾಗ್ಯಾದ ಅಂತ. ನನ್ನ ದನಿಯರ ಎಂಥದು! ನಿನ್ನೆ ಸಂಜಿಗಿ ಅತ್ತಕೊಂತ ಮನಿಗಿ ಬಂದಿ. ಇವತ್ತ ಬಸ್ಸು ನಿಮ್ಮೂರ ಕ್ರಾಸಿನ್ಯಾಗೇ ನಿಂತದ. ಇಲ್ಲೇ ಇಳಿತೀಯೇನು?"

ಮಾನ್ಯರೇ, ಇದನ್ನು ತಾವು ನಿಧಾನವಾಗಿ ಓದಬೇಕು. ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಗಂಡ ನಾಲ್ಕು ತಿಂಗಳು ಹೀಗೆ ಅಂದುಕೊಂಡಿದ್ದಾರೆ. ನಾನು ಅವರಿಗೇ ನನ್ನ ಮೇಲೆ ಬೇಸರ ಬಂದಿದೆ ಎಂದುಕೊಂಡಿದ್ದೇನೆ. ನಮ್ಮ ತಲೆಯ ಮೇಲೆ ತಮ್ಮ ಮನರಂಜನೆ ನಡೆದಿದೆ.

"ಇಳಿಯಾಂಗಿಲ್ರೀ," ಎಂದೆ. "ನಾ ಬಸರಾಗೀನಿ."

ಅವರು ಕೈಯಲ್ಲಿದ್ದ ಊಟದ ಡಬ್ಬಿ ಸೀಟಿನ ಮೇಲೆ ಇಟ್ಟರು. ಆಮೇಲೆ, "ಮತ್ತೊಮ್ಮೆ ಹೇಳು," ಎಂದರು.

"ಯಾಕ, ಇವತ್ತೂ ಕೇಳಸಲಿಲ್ಲೇನು?"

"ಕೇಳಿಸ್ತು. ಅದಕ್ಕ ಮತ್ತೊಮ್ಮೆ ಹೇಳು ಅನ್ನಾಕತ್ತೀನಿ."

ಹೇಳಿದೆ. ಮೂರನೇ ಸಲವೂ ಕೇಳಿದರು, ಹೇಳಿದೆ. ನಾಲ್ಕನೆಯ ಸಲ ನಾನೇ ಬೈದೆ. ಆ ಹೊತ್ತಿಗೆ ಅವರಿಗೆ ಮಂಗಳವಾರದ ರಶ್ಶಿನ ಮಾತು ನೆನಪಾಗಿ ತಲೆ ತಲೆ ಬಡಿದುಕೊಂಡು ನಗಲು ಶುರು ಮಾಡಿದರು. ನಾನೂ ಶುರು ಮಾಡಿದೆ. ಇಬ್ಬರೂ ಸೀಟಿನ ಕಂಬಿಗೆ ಹಣೆ ಹಚ್ಚಿ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹೊರಗಿನ ಬೆನ್ನುಗಳು ಒಂದೊಂದೇ ತಿರುಗತೊಡಗಿದವು.

ಈಗ ಬಸ್ಸು ನೂಕುವ ಸರದಿ. ನಾನೂ ಇಳಿಯಲು ಎದ್ದರೆ ನಮ್ಮವರು ಬಾಗಿಲಿಗೆ ಅಡ್ಡ ನಿಂತರು.

"ನೀ ಇಳಿಯೋದು ಬ್ಯಾಡ! ನೀ ನೂಕೋದು ಬ್ಯಾಡ! ಕೂಡು!"

ಆ ದನಿ ಎಲ್ಲಿತ್ತೋ ದೇವರೇ ಬಲ್ಲ. ಕ್ರಾಸಿನ ಆ ತುದಿಯವರಿಗೂ ಕೇಳಿತು. ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ನೂಕಬೇಕು ಎಂದು ಗಂಡನೊಬ್ಬ ಹೀಗೆ ಕೂಗಿದರೆ ಇನ್ನು ಗುಟ್ಟು ಉಳಿಯುತ್ತದೆಯೇ? ಹೆಂಗಸರೆಲ್ಲ ಒಟ್ಟಿಗೇ "ಹೋ!" ಎಂದರು. ಮಸ್ತಾನಬಿ ಕಣ್ಣು ಒರೆಸಿಕೊಂಡು ನನ್ನ ಕಡೆಗೆ ದೂರದಿಂದಲೇ ಬೆರಳು ಮುರಿದು ದೃಷ್ಟಿ ತೆಗೆದಳು. ಕಾಶಿರಾಯ ಕಾಕಾ "ನಮ್ಮೂರ ಮಗಳ ಚಹಾ, ರೊಕ್ಕ ಬ್ಯಾಡ!" ಎಂದು ಕೂಗುತ್ತಾ ಲೋಟ ಹಂಚತೊಡಗಿದ. ಆಮೇಲೆ ಬಸ್ಸಿನ ಹಿಂದೆ ನಿಂತು ಎಲ್ಲರೂ ನೂಕಿದರು. ಎಲ್ಲರಿಗಿಂತ ಮುಂದೆ ನಮ್ಮವರು. ಮಾಣಿಕಪ್ಪನವರು ಒಂದು ಕೈಯಲ್ಲಿ ಚಹಾ ಲೋಟ ಹಿಡಿದು ಇನ್ನೊಂದು ಕೈಯಿಂದ ನೂಕುತ್ತಾ "ಇದೇನ್ ಹುಡುಗಾಟಿಕಿ" ಎನ್ನುತ್ತಲೇ ಇದ್ದರು. ಸ್ಟೇರಿಂಗ್ ಹಿಡಿದ ದೌಲಪ್ಪನನ್ನು ಬಿಟ್ಟರೆ ಅಷ್ಟು ದೊಡ್ಡ ಬಸ್ಸಿನಲ್ಲಿ ನಾನೊಬ್ಬಳೇ, ಮೆರವಣಿಗೆಯ ದೇವರ ಹಾಗೆ ಕೂತು, ಅಕ್ಕಪಕ್ಕದ ತೊಗರಿ ಹೊಲ ಮೆಲ್ಲಗೆ ಸರಿಯುವುದನ್ನು ನೋಡುತ್ತಿದ್ದೆ. ನಾಚಿಕೆಯಿಂದ ಸಾಯುವಂತಾಗಿತ್ತು. ಅಷ್ಟು ಸುಖ ನನಗೆ ಹಿಂದೆಂದೂ ಆಗಿರಲಿಲ್ಲ.

ಇಂಜಿನ್ ಹತ್ತಿಕೊಂಡಿತು. ಟಿವಿಯೂ ಮೊದಲಿನಿಂದ ಶುರುವಾಯಿತು. ಆದರೆ ಅಂದು ಅದರ ಸದ್ದು ಯಾರಿಗೂ ಕೇಳಿಸಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

ತಮ್ಮ ತಪಾಸಣೆಯ ಜೀಪು ಅದೇ ಹೊತ್ತಿಗೆ ಆ ದಾರಿಯಲ್ಲಿ ಹಾಯ್ದು, ಒಬ್ಬ ಪ್ರಯಾಣಿಕಳನ್ನು ಒಳಗೆ ಕೂಡಿಸಿ ಉಳಿದವರು ಬಸ್ಸು ನೂಕುವ ದೃಶ್ಯ ಕಂಡು ಬರೆದುಕೊಂಡು ಹೋಯಿತು. ಅವರು ಕಂಡದ್ದರಲ್ಲಿ ತಪ್ಪಿಲ್ಲ. ಇಳಿದು ಏನಾಯಿತೆಂದು ಕೇಳಿದ್ದರೆ ಕಾಶಿರಾಯ ಕಾಕಾ ಅವರಿಗೂ ಚಹಾ ಕೊಡುತ್ತಿದ್ದ.

ಮನೆಯ ಸುದ್ದಿ ಹೇಳದೆ ಈ ಪತ್ರ ಮುಗಿಸಿದರೆ ಅತ್ತೆ ನನ್ನನ್ನು ಬಿಡುವುದಿಲ್ಲ. ಅಂದು ಸಂಜೆ ನಾವು ಗಾಜಿಪುರ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಧಾರಾವಾಹಿ ನಡೆದಿತ್ತು, ಮಂಚ ತುಂಬಿತ್ತು. ಅತ್ತೆ ಮಾತ್ರ ಪರದೆಯ ಕಡೆ ನೋಡುತ್ತಿರಲಿಲ್ಲ.

"ಕಿರಾಣಿ ಅಂಗಡ್ಯಾಂವ ನನಗ 'ಮತ್ತ ಅಜ್ಜಿ ಆದ್ರಲ್ಲ' ಅಂದ," ಎಂದರು. "ನಾ ಹಲ್ಲು ಕಿಸದು 'ಹೌದಪ್ಪ' ಅಂದು ಬಂದೆ. ಬಸ್ಸಿನ ಮಂದಿಗೆಲ್ಲಾ ಗೊತ್ತು. ನನ್ನ ಮನಿ ಮಾತು ನನಗ ಬೆಲ್ಲದ ಪುಡಿಕಿ ಜೋಡಿ ಸಿಗಬೇಕೇನು?"

ಕಣ್ಣು ತುಂಬಿತ್ತು. ಈ ಸಲ ಧಾರಾವಾಹಿಯ ಸೊಸೆಗಾಗಿ ಅಲ್ಲ.

"ನಿಮಗ ಇವತ್ತ ಹೇಳಬೇಕಂತ ಓಡಿಕೊಂತ ಬಂದೀನ್ರೀ ಅತ್ತಿ," ಎಂದೆ. "ಆದ್ರ ಇದರ ಮುಂದ ಹ್ಯಾಂಗ ಹೇಳ್ಲಿ?"

ಅತ್ತೆ ಟಿವಿ ನೋಡಿದರು. ಅದರಲ್ಲಿ ಯಾರಿಗೋ ವಿಷ ಕೊಡುವ ಹೊತ್ತು, ಇಡೀ ವಾರ ಕಾದ ಹೊತ್ತು. ಅವರಿಗೆ ರಿಮೋಟ್ ಹಿಡಿಯಲು ಬರುವುದಿಲ್ಲ. ಎದ್ದು ಹೋಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತರು. ಮಕ್ಕಳು "ಅಜ್ಜೀ!" ಎಂದು ಕೂಗಿದರು. ಅತ್ತೆ ಅವರನ್ನೆಲ್ಲ ಮಂಚದಿಂದ ಇಳಿಸಿ, ನನ್ನನ್ನು ನನ್ನ ಮಂಚದ ಮೇಲೆ ಕೂಡಿಸಿ, ತಾವು ಬಾಜು ಕೂತು ನನ್ನ ಕೈ ಹಿಡಿದುಕೊಂಡರು.

"ಈಗ ಹೇಳು. ನನಗ ಏನೂ ಗೊತ್ತಿಲ್ಲ ಅನ್ನೂಹಂಗ ಹೇಳು. ಮೊದಲಿಂದ."

ನಾನು ಮೊದಲಿನಿಂದ ಹೇಳಿದೆ. ಹೇಳಬೇಕಾದ ಮಾತು ಬಂದಾಗ ಅವರು ಎದೆಯ ಮೇಲೆ ಕೈ ಇಟ್ಟುಕೊಂಡು, "ಅಯ್ಯ ನಮ್ಮವ್ವ! ಖರೇನ?" ಎಂದು ಎಷ್ಟು ಚೆನ್ನಾಗಿ ಬೆರಗಾದರೆಂದರೆ ನಾನೇ ಅವರಿಗೆ ಮೊದಲು ಹೇಳಿದವಳು ಎಂದು ನನಗೂ ಅನ್ನಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಪ್ಲಗ್ಗು ಹೊರಗೆ. ಮಾವ ಗುರುಲಿಂಗಪ್ಪನವರು ಇಡೀ ಓಣಿಯವರ ನಡಿಗೆ, ಮಾತು ಎಲ್ಲವನ್ನೂ ನಕಲು ಮಾಡಿ ತೋರಿಸಬಲ್ಲರು ಎಂಬುದು ನಮಗೆ ತಿಳಿದದ್ದೇ ಆಗ. ನಲವತ್ತು ವರ್ಷ ಸಂಸಾರ ಮಾಡಿದ ಅತ್ತೆಗೂ ಅರ್ಧ ಗೊತ್ತಿರಲಿಲ್ಲವಂತೆ.

ಹೋದ ವಾರ ಮೆಮೊದ ಸುದ್ದಿ ಮಸ್ತಾನಬಿ ಹೇಳಿದಳು. ನಾನು ಖಮರುದ್ದೀನನನ್ನು ಕೇಳಿದೆ, ಇದ್ದದ್ದು ಇದ್ದಂತೆ ಬರೆದು ಕೊಟ್ಟರೆ ಆಗುತ್ತಿರಲಿಲ್ಲವೇ ಎಂದು. ಆತ ಟಿಕೆಟ್ ಹರಿಯುತ್ತಾ ಹೇಳಿದ: "ಹೆಣ್ಮಗಳ ಮಾತು ಕಚೇರಿ ಫೈಲಿನ್ಯಾಗ ಬರೀತಾರೇನ್ರಿ? ನಾಕು ಮಂದಿ ಗುಮಾಸ್ತರು ಓದಿ ನಗಬೇಕು? ಇನ್‌ಕ್ರಿಮೆಂಟ್ ಹೋದ್ರ ಹೋಗ್ಲಿ." ದೌಲಪ್ಪ ಗೇರು ಹಾಕಿದ. ನನ್ನ ಮಾನ ಕಾಯಲು ಇಬ್ಬರೂ ಬಾಯಿ ಮುಚ್ಚಿ ಕೂತಿದ್ದಾರೆ. ಅವರ ಮಾನ ಕಾಯಲು ನಾನು ಬಾಯಿ ಬಿಡುತ್ತಿದ್ದೇನೆ. ಈಗ ಗುಮಾಸ್ತರು ಧಾರಾಳವಾಗಿ ನಗಬಹುದು. ನಾವಂತೂ ಇನ್ನೂ ನಗುತ್ತಲೇ ಇದ್ದೇವೆ.

ಆದ್ದರಿಂದ ಮೆಮೊವನ್ನು ಈ ಕೂಡಲೇ ಹಿಂದಕ್ಕೆ ಪಡೆಯತಕ್ಕದ್ದು. ಸದರಿ ಟಿವಿಗೆ ಒಂದು ಗುಂಡಿ ಕೂಡಿಸತಕ್ಕದ್ದು, ಅದು ಪ್ರಯಾಣಿಕರ ಕೈಗೆ ಎಟುಕುವಂತಿರತಕ್ಕದ್ದು. ಬೇಕಾದವರು ಹಚ್ಚಲಿ, ಬೇಡವಾದಾಗ ಆರಿಸಲಿ. ಅದಕ್ಕೂ ಹಣಕಾಸಿನ ಅಡಚಣೆ ಇದ್ದರೆ ತಾವು ಒಂದು ಮುಂಜಾನೆ ಜೀಪು ಬಿಟ್ಟು, ತಮ್ಮ ಮನೆಯವರನ್ನು ಕರೆದುಕೊಂಡು ನಮ್ಮ ಸೀಟಿನಲ್ಲಿ ಕೂತು ಕಮಲಾಪುರಕ್ಕೆ ಹೋಗಿ ಬರಬೇಕು. ಅವರು ತಮಗೆ ಏನಾದರೂ ಹೇಳಬೇಕೆಂದು ಎಷ್ಟು ತಿಂಗಳಿಂದ ಕಾಯುತ್ತಿದ್ದಾರೋ ಯಾರಿಗೆ ಗೊತ್ತು?

ಇನ್ನೊಂದು ಕೋರಿಕೆ. ಬರುವ ತಿಂಗಳು ಮಹಾಗಾಂವದಲ್ಲಿ ನನ್ನ ತವರಿನವರು ಏಳನೇ ತಿಂಗಳ ಕುಬಸ ಇಟ್ಟುಕೊಂಡಿದ್ದಾರೆ. ಖಮರುದ್ದೀನ್ ಐದೂ ಹೆಣ್ಣುಮಕ್ಕಳನ್ನು ಕರೆತರುವುದಾಗಿ ಹೇಳಿದ್ದಾನೆ. ದೌಲಪ್ಪ ಮಾತ್ರ ರಜೆ ಸಿಗುವುದಿಲ್ಲ ಎನ್ನುತ್ತಾನೆ. ನಾನು ಬಹಳ ಒತ್ತಾಯ ಮಾಡಿದ ಮೇಲೆ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದ: "ಇಪ್ಪತ್ತು ವರ್ಷ ಆತ್ರೀ ಟೀಚರಮ್ಮ, ಊರ ಮಂದಿಗೆಲ್ಲಾ ಹೆಂಡ್ತಿ ಬಾಜು ಕೂಡಸಿ ಕರಕೊಂಡು ಹೋಗೀನಿ. ನನ್ನ ಹೆಂಡ್ತಿ ಬಾಜು ನಾ ಒಮ್ಮೀನೂ ಬಸ್ಸಿನ್ಯಾಗ ಕೂತಿಲ್ಲ."

ಮಾನ್ಯರೇ, ಆ ದಿನ ಬಸ್ಸನ್ನು ಬೇರೆ ಯಾರಾದರೂ ಓಡಿಸಲಿ. ದೌಲಪ್ಪನಿಗೆ ರಜೆ ಕೊಡಿ. ಅವರಿಬ್ಬರಿಗೆ ಕಿಟಕಿ ಬದಿಯ ಸೀಟನ್ನು ನಾವು ಹಿಡಿದು ಇಡುತ್ತೇವೆ.

ಇಂತಿ,
ಒಂದು ಮಾತಿಗಾಗಿ ಐವತ್ತು ಜನರನ್ನು ಬೀದಿಗಿಳಿಸಿದ, ಈಗ ಅದನ್ನೇ ಪತ್ರಿಕೆಯಲ್ಲಿ ಹಾಕಿಸಿ ಶಾಲೆಯಲ್ಲಿ ತಲೆ ಎತ್ತದಂತೆ ಮಾಡಿಕೊಂಡ,
ಸೂಗಮ್ಮ
ಗಾಜಿಪುರ, ಕಲಬುರಗಿ